ಪದವಿ ಇತ್ತು, ತೋಳಿಗೆ ಪಟ್ಟಿ ಬರಲಿಲ್ಲ

ಕೋಲ್ಕತ್ತದಿಂದ ಹೂಗ್ಲಿ ನದಿಯ ಗುಂಟ ಮೇಲಕ್ಕೆ ಹೋದರೆ ಚಂದನ್‌ನಗರ ಸಿಗುತ್ತದೆ. ಅಲ್ಲಿನ ಮ್ಯೂಸಿಯಂನಲ್ಲಿ ರಕ್ತದ ಕಲೆ ಉಳಿದಿರುವ ಕನ್ನಡಕವೊಂದಿದೆ. ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಓದಿದ ಜೋಗೇಂದ್ರನಾಥ ಸೇನ್ ಅವರದು. ಮೊದಲ ಮಹಾಯುದ್ಧದಲ್ಲಿ ಮಡಿದ ಮೊದಲ ಬಂಗಾಳಿ ಎಂದು ಅವರನ್ನು ನೆನೆಯುತ್ತಾರೆ.

ಆಗಿನ್ನೂ ಚಂದನ್‌ನಗರ ಫ್ರೆಂಚರ ಆಳ್ವಿಕೆಯಲ್ಲಿತ್ತು. ಸೇನ್ 1910ರಲ್ಲಿ ಇಂಗ್ಲೆಂಡಿಗೆ ಹೋಗಿ, 1913ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಮುಗಿಸಿ, ಲೀಡ್ಸ್ ನಗರದ ವಿದ್ಯುತ್ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. ಮರುವರ್ಷ ಯುದ್ಧ ಶುರುವಾಯಿತು. ಒಂದೇ ಊರಿನವರು, ಒಂದೇ ಕಚೇರಿಯವರು ಜೊತೆಯಾಗಿ ಸೇರಿದರೆ ಜೊತೆಯಾಗಿಯೇ ಹೋರಾಡಬಹುದು ಎಂದು ಬ್ರಿಟಿಷ್ ಸೇನೆ ಆಸೆ ತೋರಿಸಿತು. ಹಾಗೆ ಕಟ್ಟಿದ ‘ಲೀಡ್ಸ್ ಪಾಲ್ಸ್’ ಪಡೆಗೆ ಸೆಪ್ಟೆಂಬರಿನಲ್ಲೇ ಸೇನ್ ಹೆಸರು ಕೊಟ್ಟರು.

ಜೊತೆಗಾರರಿಗೆ ಅವರು ‘ಜಾನ್’. ಪಡೆಯಲ್ಲಿ ಅವರಷ್ಟು ಓದಿಕೊಂಡವರು ಇನ್ನೊಬ್ಬರಿರಲಿಲ್ಲ, ಸುಮಾರು ಏಳು ಭಾಷೆ ಬರುತ್ತಿತ್ತು ಎಂದು ಜೊತೆಯಲ್ಲಿದ್ದ ಆರ್ಥರ್ ಡಾಲ್ಬಿ ಇಳಿವಯಸ್ಸಿನಲ್ಲಿ ನೆನೆದಿದ್ದರು. ಆದರೂ ತೋಳಿನ ಮೇಲೆ ಬಡ್ತಿಯ ಒಂದೇ ಒಂದು ಪಟ್ಟಿ ಬರಲಿಲ್ಲ. ಕರಿಯನೊಬ್ಬ ಬಿಳಿಯನಿಗೆ ಆಜ್ಞೆ ಕೊಡುವುದು ಅಂದಿನವರಿಗೆ ನುಂಗಲಾರದ ಮಾತು ಎಂದೂ ಡಾಲ್ಬಿ ಹೇಳಿದ್ದರು. ಪದವೀಧರ ಎಂಜಿನಿಯರ್ ಕೊನೆವರೆಗೂ ಸಾಮಾನ್ಯ ಸಿಪಾಯಿಯಾಗಿಯೇ ಉಳಿದರು.

ಯಾರ್ಕ್‌ಷೈರಿನ ಕೋಲ್ಸ್ಟರ್‌ಡೇಲ್‌ನಲ್ಲಿ ತರಬೇತಿ, ಈಜಿಪ್ಟಿನಲ್ಲಿ ಸೂಯೆಜ್ ಕಾಲುವೆಯ ಕಾವಲು ಮುಗಿಸಿ ಪಡೆ 1916ರ ಮಾರ್ಚಿನಲ್ಲಿ ಫ್ರಾನ್ಸಿಗೆ ಬಂತು. ಮೇ 22ರ ರಾತ್ರಿ ಸೇನ್ ಮುಳ್ಳುತಂತಿ ಕಟ್ಟುವ ತಂಡದ ಜೊತೆ ಕಂದಕದಿಂದ ಹೊರಗೆ ಹೋಗಿದ್ದರು. ಶೆಲ್‌ಗಳ ಸುರಿಮಳೆಯಾಯಿತು, ಸಿಡಿದ ಚೂರು ಕಾಲಿಗೆ, ಕುತ್ತಿಗೆಗೆ ತಗುಲಿ ಅಲ್ಲೇ ಅಸುನೀಗಿದರು. ಕೋಲ್ಯಾಂಕಾಂಪ್ ಬಳಿಯ ಸುಕ್ರೆರಿ ಸೈನಿಕ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಆರು ವಾರ ತುಂಬುವ ಮೊದಲೇ, ಜುಲೈ 1ರಂದು, ಸೆರ್ ಹಳ್ಳಿಯ ಎದುರು ಲೀಡ್ಸ್ ಪಾಲ್ಸ್ ಪಡೆಯೇ ನುಚ್ಚುನೂರಾಯಿತು.

ವಿಶ್ವವಿದ್ಯಾಲಯದ ಯುದ್ಧ ಸ್ಮಾರಕದಲ್ಲಿ ಸೇನ್ ಹೆಸರಿದೆ. ಆದರೆ ಆ ಹೆಸರಿಗೂ ಬಂಗಾಳದ ಕನ್ನಡಕಕ್ಕೂ ಬಹುಕಾಲ ನಂಟು ಬೆಸೆದಿರಲಿಲ್ಲ. 2005ರಲ್ಲಿ ಕನ್ನಡಕ ಕಂಡಿದ್ದ ಸಂಶೋಧಕ ಸಂತನು ದಾಸ್, ಮುಂದೆ ಲೀಡ್ಸ್‌ಗೆ ಉಪನ್ಯಾಸ ಕೊಡಲು ಹೋದಾಗ ಎರಡಕ್ಕೂ ಕೊಂಡಿ ಸಿಕ್ಕಿತು.

ಸೇನ್ ಸತ್ತ ಮರುವರ್ಷವೇ, ಆಕ್ಸ್‌ಫರ್ಡಿನಲ್ಲಿ ಓದಿದ್ದ ಹರ್ದಿತ್ ಸಿಂಗ್ ಮಲಿಕ್‌ಗೆ ಬ್ರಿಟಿಷ್ ಸೇನೆಯ ವಿಮಾನದಳವಾದ ರಾಯಲ್ ಫ್ಲೈಯಿಂಗ್ ಕೋರ್‌ನಲ್ಲಿ ಅಧಿಕಾರಿ ದರ್ಜೆ ಸಿಕ್ಕಿತು. ಭಾರತೀಯನಿಗೆ ದರ್ಜೆ ಕೊಡುವುದು ಸೇನೆಗೆ ಆಗದ ಕೆಲಸವೇನೂ ಆಗಿರಲಿಲ್ಲ. ಸೇನ್‌ರನ್ನು ಬರೀ ಹುತಾತ್ಮ ಎಂದು ಹೊಗಳಿ ಕೈತೊಳೆದುಕೊಂಡರೆ, ಬದುಕಿದ್ದಾಗ ಅವರಿಗೆ ತಪ್ಪಿಸಿದ್ದು ಏನು ಎಂಬ ಲೆಕ್ಕ ಹಾಗೆಯೇ ಉಳಿಯುತ್ತದೆ.