‘ತೋಂಟ’ ಶಬ್ದದ ಅರ್ಥ ಮತ್ತು ಪ್ರಯೋಗ

ಹಸುರು ನೆಲವನ್ನು ಹೆಸರಿಸಲು ಕನ್ನಡದಲ್ಲಿ ಬನ, ತೋಪು, ಉದ್ಯಾನ, ತೋಟ ಮೊದಲಾದ ಶಬ್ದಗಳುಂಟು. ಇವೆಲ್ಲವೂ ಒಂದೇ ಅರ್ಥದವೆಂದು ಭಾವಿಸಿದರೆ ವಚನಗಳ ತಾತ್ಪರ್ಯವು ಕೆಲವೆಡೆ ಕೈತಪ್ಪುವುದು. ಬನವು ತಾನಾಗಿ ಬೆಳೆದುದು. ಉದ್ಯಾನವೆಂಬ ಸಂಸ್ಕೃತ ಶಬ್ದಕ್ಕೆ ‘ಹೊರಗೆ ಹೋಗುವುದು’ ಎಂಬುದೇ ಮೂಲಾರ್ಥ. ಆದುದರಿಂದ ಅದು ವಿಹಾರದ ಎಡೆ. 1932ರಲ್ಲಿ ಪೂರ್ಣಗೊಂಡ ಕೃಷ್ಣರಾಜಸಾಗರದ ಬೃಂದಾವನವು ಈ ಬಗೆಯದು.

ತೋಟವಾದರೋ ದುಡಿಮೆಯ ನೆಲ. ‘ತೋಂಟ’ ಎಂಬುದು ಇದರ ಹಳೆಯ ರೂಪ. ಮದ್ದೂರು ಸೀಮೆಯ ಒಕ್ಕಲು ಮಕ್ಕಳ ಮಾತಿನಲ್ಲಿ ಈ ಅರ್ಥವು ಇಂದಿಗೂ ಅಳಿದಿಲ್ಲ. ಮಳೆಯನ್ನು ನಂಬಿದುದು ಹೊಲ, ಕೆರೆ ಕಾಲುವೆಗಳ ನೀರಿನಿಂದ ಬತ್ತ ಬೆಳೆಯುವುದು ಗದ್ದೆ, ತೆಂಗು ಬಾಳೆಗಳನ್ನು ನೆಟ್ಟು ಸಲಹುವುದು ತೋಟ. ಎಳನೀರಿನ ಮಾರುಕಟ್ಟೆಗೆ ಹೆಸರಾದ ಈ ಊರಿನಲ್ಲಿ ‘ತೋಟಕ್ಕೆ ಹೋದರು’ ಎಂದರೆ ಕೆಲಸಕ್ಕೆ ಹೋದರೆಂದೇ ಅರ್ಥ. ನೋಡಿ ನಲಿಯುವ ನೆಲವಾದರೆ ‘ಹೂದೋಟ’ವೆಂದು ಬೇರೆಯಾಗಿ ಹೇಳಬೇಕು.

ಅಲ್ಲಮಪ್ರಭುದೇವರ ವಚನಕ್ಕೆ ಈ ಅರ್ಥವೇ ಬೀಗದ ಕೈ. ತೋಟದ ಕೆಲಸದಲ್ಲಿ ತೊಡಗಿದ್ದ ಗೊಗ್ಗಯ್ಯನಿಗೆ ಪ್ರಭುದೇವರು ತನುವನ್ನೇ ತೋಂಟವೆಂದೂ ಮನವನ್ನು ಗುದ್ದಲಿಯೆಂದೂ ತಿಳಿಸುತ್ತಾರೆ. ಭ್ರಾಂತಿಯ ಬೇರನ್ನು ಅಗೆಯಬೇಕು, ಹೆಂಟೆಯನ್ನು ಒಡೆಯಬೇಕು, ನೀರೆತ್ತಬೇಕು. ಇಂದ್ರಿಯಗಳೆಂಬ ಐದು ಎತ್ತುಗಳು ನುಗ್ಗಿ ಹಾಳುಮಾಡದಂತೆ ಸಮತೆ ಸೈರಣೆಗಳ ಬೇಲಿಯನ್ನು ಹಾಕಿ, ನಿದ್ದೆಗೆಟ್ಟು ಸಸಿಯನ್ನು ಕಾಯಬೇಕು. ಇಲ್ಲಿ ತೋಂಟವನ್ನು ಉದ್ಯಾನವೆಂದು ಓದಿದರೆ ಗುದ್ದಲಿಗೂ ಬೇಲಿಗೂ ಎಡೆಯೇ ಇಲ್ಲ, ಸಾಧನೆಯು ವಿಹಾರವಾಗಿಬಿಡುವುದು.

ಅಕ್ಕಮಹಾದೇವಿಯೂ ತನುವನ್ನು ಹಸುರಿಗೆ ಹೋಲಿಸಿದ್ದಾಳೆ. ಆದರೆ ಆಕೆ ಬಳಸಿದ ಮಾತು ಕದಳಿ. ಅದು ಗೆದ್ದು ದಾಟಬೇಕಾದ ಬನ. ಪ್ರಭುದೇವರ ತೋಂಟವು ಉತ್ತು ಬಿತ್ತಿ ಕಾಯಬೇಕಾದ ನೆಲ. ಬನದೊಳಗೆ ಹೊಕ್ಕವನಿಗೆ ಧೈರ್ಯ ಬೇಕು. ತೋಟವನ್ನು ಕೈಗೊಂಡವನಿಗೆ ದಿನದಿನದ ಎಚ್ಚರ ಬೇಕು. ಈ ಭೇದವನ್ನು ಅರಿಯದೆ ಶರಣರು ತನುವನ್ನು ಹಳಿದರೆಂದಾಗಲಿ ಹೊಗಳಿದರೆಂದಾಗಲಿ ಒಂದೇ ಮಾತಿನಲ್ಲಿ ತೀರ್ಮಾನಿಸುವುದು ಸಲ್ಲದು.

701 ವಚನಗಳ ಷಟ್‌ಸ್ಥಲ ಜ್ಞಾನಸಾರಾಮೃತವನ್ನು ರಚಿಸಿದ ಸಿದ್ಧಲಿಂಗಯತಿಗಳ ಹೆಸರಿಗೂ ಈ ಶಬ್ದವೇ ಅಂಟಿ ಬಂದಿದೆ. ಕುಣಿಗಲು ಸೀಮೆಯ ಕಗ್ಗೆರೆಯ ತೋಟದಲ್ಲಿ ತಪಸ್ಸಿಗೆ ಕುಳಿತುದರಿಂದ ಅವರು ‘ತೋಂಟದ’ ಸಿದ್ಧಲಿಂಗರಾದರೆಂಬುದು ಪ್ರತೀತಿ. ಅವರ ಗದ್ದುಗೆ ಎಡೆಯೂರಿನಲ್ಲಿದೆ. ಆ ಸೀಮೆಯನ್ನು ಹಾದು ಬರುವ ಶಿಂಷಾ ನದಿಯೇ ಮುಂದೆ ಮದ್ದೂರಿಗೆ ಹರಿಯುತ್ತದೆ. ಒಕ್ಕಲಿಗನ ಬಾಯಲ್ಲಿ ಬದುಕಿರುವ ಶಬ್ದವೇ ಗುರುವಿನ ಹೆಸರಾಗಿಯೂ ನಿಂತಿದೆ. ವಚನವನ್ನು ಓದುವವರು ನಿಘಂಟನ್ನು ತೆರೆಯುವಾಗ ತೋಟದಲ್ಲಿ ದುಡಿಯುವವರ ಮಾತಿಗೂ ಕಿವಿಗೊಡುವುದು ಲೇಸು.