ಪರದೇಶದಲ್ಲಿ ಒಂದು ದಿನದ ಬಿಡುವು

ಕೆಲಸದ ನಿಮಿತ್ತ ಹೊರದೇಶಕ್ಕೆ ಹೋದವರಿಗೆ ಪ್ರಯಾಣದ ಕೊನೆಯಲ್ಲಿ ಒಂದು ದಿನವೋ ಅರ್ಧ ದಿನವೋ ಬಿಡುವು ದೊರೆಯುವುದುಂಟು. ಆಗ ಬಹುಮಂದಿ ಮಾಡುವುದೇನೆಂದರೆ, ಮಾರ್ಗದರ್ಶಿ ಪುಸ್ತಕವು ಹೆಸರಿಸಿದ ಹತ್ತು ಸ್ಥಳಗಳ ಮುಂದೆ ಹತ್ತು ಹತ್ತು ನಿಮಿಷ ನಿಂತು, ಭಾವಚಿತ್ರ ತೆಗೆಸಿಕೊಂಡು, ರಾತ್ರಿ ಕಾಲುನೋವಿನೊಡನೆ ಮಲಗುವುದು. ನಮ್ಮ ಅಭಿಪ್ರಾಯದಲ್ಲಿ ಬಿಡುವು ಅಲ್ಪವಾದಷ್ಟೂ ಸ್ಥಳಗಳ ಸಂಖ್ಯೆಯೂ ಅಲ್ಪವಾಗಿರಬೇಕು. ಆಯ್ದುಕೊಂಡ ಸ್ಥಳವು ಯಾವುದಾದರೊಂದು ದೊಡ್ಡ ಪ್ರಶ್ನೆಗೆ ಸಂಬಂಧಪಟ್ಟುದಾಗಿರಬೇಕು. ಆ ಪ್ರಶ್ನೆಯನ್ನು ಬಿಡಿಸಿದ ವಸ್ತುವು ಅಲ್ಲಿಯೇ ಕಣ್ಣಿಗೆ ಕಾಣುವಂತಿರಬೇಕು.

ಲಂಡನ್ನನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಬ್ರಿಟಿಷ್ ಮ್ಯೂಸಿಯಮ್ಮಿಗೆ ಒಂದು ವಾರವೂ ಸಾಲದು. 1854ರಲ್ಲಿ ವೈದ್ಯನಾದ ಜಾನ್ ಸ್ನೋ ಕಾಲರಾ ರೋಗವು ನೀರಿನಿಂದ ಹರಡುವುದೆಂದು ತೋರಿಸಿಕೊಟ್ಟ ಬ್ರಾಡ್ ಸ್ಟ್ರೀಟಿನ ಕೈಪಂಪು ಎಂದರೆ ಯಾರಿಗೂ ಕುತೂಹಲವೇ. ಆದರೆ ಈಗ ಅಲ್ಲಿರುವುದು ಅದರ ಪ್ರತಿಕೃತಿ ಮಾತ್ರ. ಒಂದೇ ದಿನವಿರುವವರು ಥೇಮ್ಸ್ ನದಿಯ ದೋಣಿಯನ್ನು ಹತ್ತಿ ಗ್ರೀನಿಚ್ಚಿಗೆ ಹೋಗುವುದು ಲೇಸು.

ಅಲ್ಲಿನ ಗುಡ್ಡದ ಮೇಲಿನ ವೀಕ್ಷಣಾಲಯವನ್ನು ಎರಡನೆಯ ಚಾರ್ಲ್ಸ್ ದೊರೆಯು 1675ರಲ್ಲಿ ಸ್ಥಾಪಿಸಿದ್ದು ನಾವಿಕರ ಒಂದು ಸಂಕಟದ ಪರಿಹಾರಕ್ಕಾಗಿ. ನಡುಗಡಲಿನಲ್ಲಿ ಹಡಗು ಎಷ್ಟು ಉತ್ತರಕ್ಕಿದೆ ಎಂಬುದನ್ನು ಸೂರ್ಯನ ಅಥವಾ ನಕ್ಷತ್ರದ ಎತ್ತರದಿಂದ ತಿಳಿಯಬಹುದಾಗಿತ್ತು. ಎಷ್ಟು ಪೂರ್ವಕ್ಕೆ ಅಥವಾ ಪಶ್ಚಿಮಕ್ಕೆ ಎಂಬುದನ್ನು ತಿಳಿಯುವ ನಂಬಿಕೆಯ ಉಪಾಯವಿರಲಿಲ್ಲ. 1707ರಲ್ಲಿ ಇಂಗ್ಲೆಂಡಿನ ನಾಲ್ಕು ಯುದ್ಧನೌಕೆಗಳು ಸ್ವದೇಶಕ್ಕೆ ಮರಳುತ್ತಿರುವಾಗ ತಾವಿರುವ ಸ್ಥಳವನ್ನು ತಪ್ಪಾಗಿ ಎಣಿಸಿ, ಸಿಲಿ ದ್ವೀಪಗಳ ಬಂಡೆಗಳಿಗೆ ಬಡಿದು ಮುಳುಗಿದವು. ಸಾವಿರಕ್ಕೂ ಮಿಕ್ಕಿ ಜನರು ಮಡಿದರು. ರೇಖಾಂಶವನ್ನು ಅರ್ಧ ಡಿಗ್ರಿಯೊಳಗೆ ನಿರ್ಣಯಿಸುವ ವಿಧಾನಕ್ಕೆ 20,000 ಪೌಂಡುಗಳ ಬಹುಮಾನವನ್ನು ಪಾರ್ಲಿಮೆಂಟು 1714ರಲ್ಲಿ ಘೋಷಿಸಿತು.

ತತ್ತ್ವವೇನೋ ಸರಳವಾದುದೇ. ಭೂಮಿಯು ಒಂದು ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಹೊರಟ ಊರಿನ ವೇಳೆಯನ್ನು ಸರಿಯಾಗಿ ಕಾಪಾಡುವ ಗಡಿಯಾರವೊಂದು ಹಡಗಿನಲ್ಲಿದ್ದರೆ, ಸ್ಥಳೀಯ ಮಧ್ಯಾಹ್ನಕ್ಕೂ ಅದಕ್ಕೂ ಇರುವ ಅಂತರವೇ ರೇಖಾಂಶವನ್ನು ಹೇಳುತ್ತದೆ. ಆದರೆ ಹೊಯ್ದಾಡುವ ಹಡಗಿನಲ್ಲಿ ಲೋಲಕದ ಗಡಿಯಾರ ನಿಲ್ಲುತ್ತದೆ. ಸೆಕೆಗೆ ಲೋಹ ಹಿಗ್ಗುತ್ತದೆ, ಚಳಿಗೆ ಎಣ್ಣೆ ಗಟ್ಟಿಯಾಗುತ್ತದೆ. ವಿದ್ವಾಂಸರು ಆಕಾಶದಲ್ಲಿ ಉತ್ತರವನ್ನು ಹುಡುಕುತ್ತಿದ್ದಾಗ ಜಾನ್ ಹ್ಯಾರಿಸನ್ ಎಂಬ ಬಡಗಿಯು ಗಡಿಯಾರದ ಕೆಲಸಕ್ಕೆ ಕೈಯಿಟ್ಟನು. ಅವನ ನಾಲ್ಕು ಯಂತ್ರಗಳನ್ನೂ ಗ್ರೀನಿಚ್ಚಿನಲ್ಲಿ ಇರಿಸಲಾಗಿದೆ. 1735ರ ಮೊದಲನೆಯದು ಸುಮಾರು 34 ಕಿಲೋಗ್ರಾಂ ತೂಗುತ್ತದೆ. ಅದರ ಚಕ್ರಗಳು ಮರದವು. ಮೂರನೆಯದಕ್ಕೆ ಅವನು ವ್ಯಯಿಸಿದ್ದು ಸುಮಾರು 19 ವರ್ಷ. 1759ರ ನಾಲ್ಕನೆಯದಾದರೋ 13 ಸೆಂಟಿಮೀಟರು ಅಗಲದ, ದೊಡ್ಡ ಜೇಬುಗಡಿಯಾರದಂಥ ವಸ್ತು! 1761ರಲ್ಲಿ ಹ್ಯಾರಿಸನ್ನನ ಮಗನು ಅದನ್ನು ಜಮೈಕಾಕ್ಕೆ ಕೊಂಡೊಯ್ದನು. ಗಡಿಯಾರಕ್ಕೆ ಮೊದಲೇ ಗೊತ್ತುಮಾಡಿದ್ದ ದಿನವಹಿ ವ್ಯತ್ಯಾಸವನ್ನು ಕಳೆದರೆ, ಕಂಡುಬಂದ ತಪ್ಪು ಸುಮಾರು 5 ಸೆಕೆಂಡು ಮಾತ್ರ. ಆದರೂ ಸಲ್ಲಬೇಕಾದ ಹಣದ ಕೊನೆಯ ಕಂತು ಕೈಸೇರುವ ಹೊತ್ತಿಗೆ, 1773ರಲ್ಲಿ, ಅವನು 80ರ ಮುದುಕನಾಗಿದ್ದನು. ಮೊದಲಿನ ಮೂರನ್ನು ನಡೆಸಬಹುದು. ನಾಲ್ಕನೆಯದಕ್ಕೆ ಎಣ್ಣೆ ಬೇಕು. ನಡೆದರೆ ಸವೆಯುತ್ತದೆಂದು ಅದನ್ನು ನಿಲ್ಲಿಸಿಯೇ ಇಟ್ಟಿದ್ದಾರೆ. ಈ ಕೋಣೆಯಲ್ಲಿ ಒಂದು ಗಂಟೆಯನ್ನಾದರೂ ಕಳೆಯಬೇಕು.

ಹೊರಗಿನ ಅಂಗಳದಲ್ಲಿ ನೆಲಕ್ಕೆ ಕೂರಿಸಿದ ಲೋಹದ ಪಟ್ಟಿಯೊಂದಿದೆ. ಜಾರ್ಜ್ ಏರಿ 1851ರಲ್ಲಿ ಬಳಕೆಗೆ ತಂದ ದೂರದರ್ಶಕದ ನೇರದಲ್ಲಿರುವ ಈ ಗೆರೆಯನ್ನೇ 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಸಮ್ಮೇಳನವು ಲೋಕಕ್ಕೆಲ್ಲ ಶೂನ್ಯ ರೇಖಾಂಶವೆಂದು ಒಪ್ಪಿತು. ನಮ್ಮ ಭಾರತೀಯ ವೇಳೆಯು ಇಲ್ಲಿಂದ ಪೂರ್ವಕ್ಕೆ 82½ ಡಿಗ್ರಿಯ ವೇಳೆ. ಡಿಗ್ರಿಗೆ 4 ನಿಮಿಷದಂತೆ 5½ ಗಂಟೆ ಮುಂದು. ಬೆಂಗಳೂರು ಆ ರೇಖೆಗಿಂತ ಸುಮಾರು 5 ಡಿಗ್ರಿ ಪಶ್ಚಿಮಕ್ಕಿರುವುದರಿಂದ ನಮ್ಮ ಸೂರ್ಯನು ಗಡಿಯಾರಕ್ಕಿಂತ 20 ನಿಮಿಷದಷ್ಟು ಹಿಂದೆ.

ಗೆರೆಯ ಮೇಲೆ ಕಾಲಿಟ್ಟು ನಿಲ್ಲಲು ಸರದಿಯ ಸಾಲಿರುವುದುಂಟು. ಅಲ್ಲಿ ನಿಂತು ಕೈಯಲ್ಲಿನ ಮೊಬೈಲ್ ಫೋನನ್ನು ನೋಡಿದರೆ ರೇಖಾಂಶವು ಸೊನ್ನೆಯೆಂದು ತೋರುವುದಿಲ್ಲ. ಸೊನ್ನೆಯು ದೊರೆಯಬೇಕಾದರೆ ಪೂರ್ವಕ್ಕೆ 102 ಮೀಟರು ನಡೆದು, ಉದ್ಯಾನದೊಳಕ್ಕೆ ಹೋಗಬೇಕು. ಏರಿಯ ಅಳತೆ ಕೆಟ್ಟದ್ದಲ್ಲ. ಅವನ ಉಪಕರಣವು ‘ನೇರ ಮೇಲೆ’ ಎಂಬುದನ್ನು ಪಾದರಸದ ಸಮತಲದಿಂದ ತಿಳಿಯುತ್ತಿತ್ತು; ಪಾದರಸವಾಗಲಿ ಗಾರೆಯವನ ತೂಗುಗುಂಡಾಗಲಿ ಆಯಾ ಸ್ಥಳದ ಗುರುತ್ವಕ್ಕೆ ಅಧೀನ. ಭೂಮಿಯೊಳಗಿನ ದ್ರವ್ಯವು ಎಲ್ಲೆಡೆ ಸಮನಾಗಿ ಹರಡಿಲ್ಲವಾದುದರಿಂದ ಗ್ರೀನಿಚ್ಚಿನ ಲಂಬವು ಡಿಗ್ರಿಯ ಆರುನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಷ್ಟು ಓರೆಯಾಗಿದೆ. ಉಪಗ್ರಹಗಳ ಲೆಕ್ಕವಾದರೋ ಭೂಮಿಯ ದ್ರವ್ಯಕೇಂದ್ರವನ್ನು ಆಧರಿಸಿದ್ದು. ಪೂರ್ವದ ಆ ಜಾಗದಲ್ಲಿ ಸಾಲು ನಿಲ್ಲುವವರಿಲ್ಲ.

ವೀಕ್ಷಣಾಲಯವು ತೆರೆದಿರುವ ವೇಳೆಯನ್ನು ಮೊದಲೇ ವಿಚಾರಿಸಿಕೊಂಡು ಹೋಗತಕ್ಕದ್ದು. ಮರಳುವಾಗ ದೋಣಿಗೆ ಕಾಯುವ ಅಗತ್ಯವಿಲ್ಲ: 1902ರಲ್ಲಿ ತೆರೆದ ಸುಮಾರು 370 ಮೀಟರು ಉದ್ದದ ಕಾಲುಸುರಂಗದಲ್ಲಿ ಥೇಮ್ಸ್ ನದಿಯ ಕೆಳಗೆಯೇ ನಡೆದು ಆಚೆಯ ದಡವನ್ನು ಸೇರಬಹುದು.