ಒಂದು ಕುರ್ಚಿಗೆ ಐದೂವರೆ ವರ್ಷದ ಕೂಲಿ

ಬೇಸಿಗೆ ಬಂದರೆ ಶಿರಾ ತಾಲ್ಲೂಕಿನ ಬರಗೂರು ಕಡೆಯ ಹುಡುಗರಿಗೆ ಒಣಗಿದ ಕೆರೆಯಂಗಳವೇ ಮೈದಾನ. ಮೂರು ಜಾಲಿ ಕಡ್ಡಿ ನೆಟ್ಟರೆ ವಿಕೆಟ್ಟು. ಬೌಲರ್ ಕಡೆಗೆ ಒಂದು ಜೊತೆ ಚಪ್ಪಲಿ ಸಾಕು. ಅದೇ ಅಂಗಳದ ಇನ್ನೊಂದು ಮಗ್ಗುಲಲ್ಲಿ ಉದ್ಯೋಗ ಖಾತ್ರಿಯವರು ಹೂಳೆತ್ತುತ್ತಾರೆ. ಅಳತೆಗೆ ಸರಿಯಾಗಿ ಗುಂಡಿ ತೋಡಿ, ಮಂಕರಿಯಲ್ಲಿ ಮಣ್ಣು ಹೊತ್ತು ಏರಿ ಮೇಲೆ ಸುರಿದರೆ 2025-26ರ ದರದಲ್ಲಿ ದಿನಕ್ಕೆ 370 ರೂಪಾಯಿ. ಆಗ ಒಂದು ಮನೆಗೆ ವರ್ಷಕ್ಕೆ 100 ದಿನ ಇತ್ತು.

ಈಗ ಬೆಂಗಳೂರು ಹೊರವಲಯದ ಬೊಮ್ಮಸಂದ್ರಕ್ಕೆ ಬನ್ನಿ. 2025ರ ಜೂನ್ 4ರಂದು, ಆರ್‌ಸಿಬಿ ಐಪಿಎಲ್ ಗೆದ್ದ ಮರುದಿನ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಬಿಟ್ಟರು. ಆಮೇಲೆ ಸರ್ಕಾರ ಬೊಮ್ಮಸಂದ್ರದಲ್ಲಿ ದೊಡ್ಡ ಕ್ರೀಡಾಂಗಣದ ಯೋಜನೆ ಮುಂದಿಟ್ಟಿತು: 80,000 ಆಸನ, ಅಂದಾಜು 1,650 ಕೋಟಿ ರೂಪಾಯಿ, ಖರ್ಚು ಕರ್ನಾಟಕ ಗೃಹ ಮಂಡಳಿಯದು. ಜನರಿಗೆ ಮನೆ, ನಿವೇಶನ ಒದಗಿಸಲೆಂದು ಇರುವ ಮಂಡಳಿ ಅದು.

ಕೆರೆಯಂಗಳದಲ್ಲಿ ಕೀಪಿಂಗ್ ಮಾಡುತ್ತಿದ್ದ ಪಿಯುಸಿ ಹುಡುಗನ ಕೈಲಿ ಆ 1,650 ಕೋಟಿಯನ್ನು 80,000ದಿಂದ ಭಾಗಿಸಿಸಿದೆ. ಫೋನ್ ನೋಡಿ ಅವನು, "ಅಣ್ಣ, ಸೊನ್ನೆ ಜಾಸ್ತಿ ಒತ್ಬಿಟ್ನಾ?" ಅಂದ. ಅಳಿಸಿ ಮತ್ತೆ ಒತ್ತಿದ. ಅದೇ ಬಂತು: ಒಂದು ಆಸನಕ್ಕೆ 2,06,250 ರೂಪಾಯಿ.

ಆಚೆ ಮಣ್ಣು ಹೊರುವ ಹೆಂಗಸು ಅಷ್ಟು ದುಡಿಯಬೇಕಾದರೆ ಸುಮಾರು 557 ದಿನ ಬೇಕು. ವರ್ಷಕ್ಕೆ 100 ದಿನದ ಲೆಕ್ಕದಲ್ಲಿ ಐದೂವರೆ ವರ್ಷ, ಅದೂ ಒಂದು ಪೈಸೆ ಖರ್ಚು ಮಾಡದೆ. ಇಡೀ 1,650 ಕೋಟಿ ಹಂಚಿದರೆ ಸುಮಾರು 4.46 ಲಕ್ಷ ಮನೆಗಳಿಗೆ ಪೂರ್ತಿ 100 ದಿನದ ಕೂಲಿ.

ಆ ಮೊತ್ತ ಇನ್ನೂ ಕಣ್ಣಿಗೆ ಕಟ್ಟದಿದ್ದರೆ ಹೀಗೆ ನೋಡಿ. 1509ರಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದ. ಅಂದು ಒಬ್ಬ ಕೂತು ಸೆಕೆಂಡಿಗೆ ಒಂದು ರೂಪಾಯಿಯಂತೆ, ಹಗಲೂ ರಾತ್ರಿ ಬಿಡದೆ ಎಣಿಸತೊಡಗಿದ ಅಂತಿಟ್ಟುಕೊಳ್ಳಿ. 1687ರಲ್ಲಿ ನಮ್ಮ ಶಿರಾ ಮೊಗಲರ ಸುಬಾ, ಅಂದರೆ ಪ್ರಾಂತ್ಯ, ಆಗುವ ಹೊತ್ತಿಗೆ ಅವನು ಎಣಿಸಿರುವುದು ಮೂರರಲ್ಲೊಂದು ಪಾಲು. 1,650 ಕೋಟಿ ಮುಗಿಯುವುದು 2032ಕ್ಕೆ.

ನನ್ನನ್ನು ಬೆಚ್ಚಿ ಬೀಳಿಸಿದ್ದು ಇದಲ್ಲ, ಮುಂದಿನದು. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರ ಹಕ್ಕು ಮಾರಾಟವಾದದ್ದು 48,390 ಕೋಟಿಗೆ. ಒಂದು ಪಂದ್ಯಕ್ಕೆ ಸುಮಾರು 118 ಕೋಟಿ. ಲೀಗ್ ಹಂತದಲ್ಲಿ ಒಂದು ತಂಡ ಆಡುವುದು 14 ಪಂದ್ಯ. ಗುಣಿಸಿ: 1,652 ಕೋಟಿ. ಒಂದೇ ತಂಡದ ಒಂದು ಬೇಸಿಗೆಯ ಲೀಗ್ ಪಂದ್ಯಗಳನ್ನು ಟಿವಿಯಲ್ಲಿ, ಮೊಬೈಲಿನಲ್ಲಿ ತೋರಿಸುವ ಹಕ್ಕಿನ ಬೆಲೆಯೇ ಇಡೀ ಕ್ರೀಡಾಂಗಣದ ಬೆಲೆ! ಆ ಹಣ ಬಿಸಿಸಿಐಗೆ ಹೋಗುತ್ತದೆ, ಅದರಲ್ಲಿ ದೊಡ್ಡ ಪಾಲು ತಂಡಗಳ ಮಾಲೀಕರಿಗೆ ಬರುತ್ತದೆ. ಇಷ್ಟು ದುಡಿಯುವ ಆಟಕ್ಕೆ ಮನೆ ಕಟ್ಟುವ ಮಂಡಳಿ ಯಾಕೆ ಕುರ್ಚಿ ಹಾಕಿಸಬೇಕು?

ಅಮೆರಿಕದಲ್ಲಿ ತಂಡಗಳ ಮಾಲೀಕರು ಸರ್ಕಾರದ ಹಣವನ್ನು ನೇರವಾಗಿಯೇ ಕೇಳುತ್ತಾರೆ. ಬಫಲೊ ಬಿಲ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಹೊಸ ಕ್ರೀಡಾಂಗಣಕ್ಕೆ ನ್ಯೂಯಾರ್ಕ್ ರಾಜ್ಯ 60 ಕೋಟಿ ಡಾಲರ್, ಅಲ್ಲಿನ ಕೌಂಟಿ 25 ಕೋಟಿ ಡಾಲರ್ ಒಪ್ಪಿಕೊಂಡವು; ನಮ್ಮ ಲೆಕ್ಕದಲ್ಲಿ 7,000 ಕೋಟಿ ರೂಪಾಯಿಗೂ ಹೆಚ್ಚು. ಸಿಯಾಟಲ್‌ನ ಕಿಂಗ್‌ಡೋಮ್ ಕ್ರೀಡಾಂಗಣವನ್ನು 2000ದಲ್ಲಿ ಸಿಡಿಮದ್ದಿಟ್ಟು ಉರುಳಿಸಿದರು. ಅದರ ಸಾಲ ತೀರಿದ್ದು 2015ಕ್ಕೆ. ಇಲ್ಲದ ಕಟ್ಟಡಕ್ಕೆ ಜನ 15 ವರ್ಷ ಕಂತು ಕಟ್ಟಿದರು.

ನಮ್ಮ ಜಿಲ್ಲೆಯಲ್ಲೇ ಬೇರೆ ದಾರಿಯೂ ಇದೆ. ಶಿರಾದಿಂದ ತುಮಕೂರಿಗೆ ಹೋಗುವ ಹೆದ್ದಾರಿಯ ಕಡೆ, ಸೋರೆಕುಂಟೆ ಬಳಿಯ ಕ್ರೀಡಾಂಗಣಕ್ಕೆ 2024ರ ಡಿಸೆಂಬರ್‌ನಲ್ಲಿ ಶಂಕುಸ್ಥಾಪನೆ ಆಯಿತು. ಜಾಗ ಸರ್ಕಾರದ್ದು, ಕಟ್ಟುವುದು ರಾಜ್ಯ ಕ್ರಿಕೆಟ್ ಸಂಸ್ಥೆ. ಜಾಗ ಕೊಡುವುದೂ ಸಣ್ಣ ಸಹಾಯವಲ್ಲ. ಬೊಮ್ಮಸಂದ್ರದಲ್ಲೂ ಅಷ್ಟಕ್ಕೇ ನಿಲ್ಲಿಸಿ, ಕಟ್ಟುವ ಹಣವನ್ನು ಆ 14 ಪಂದ್ಯಗಳಿಂದ ದುಡಿಯುವವರೇ ತರಲಿ.